ಇನ್ನೊಂದು ವರ್ಷ ತಡಿ ಎಂದವರು

ಅಪಾಯ ಹೆಚ್ಚಿದಷ್ಟೂ ಆರ್ವಿಡ್ ಟೊಲೆಫ್ಸನ್ ಅವರ ಮಾತು ನಿಧಾನವಾಗುತ್ತಿತ್ತು. ನಾರ್ತ್ ಡಕೋಟದ ನಮ್ಮ ವಿಮಾನ ನಿಲ್ದಾಣದ ಗೋಪುರದಲ್ಲಿ ಕುಳಿತು ಏರುವ, ಇಳಿಯುವ ವಿಮಾನಗಳಿಗೆ ದಾರಿ ಹೇಳುವ ಕೆಲಸವನ್ನು ನಾನು ಕಲಿತದ್ದು ಅವರ ಪಕ್ಕದ ಕುರ್ಚಿಯಲ್ಲಿ. ಒಮ್ಮೆ ಹಿಮಗಾಳಿಗೆ ಸಿಕ್ಕಿದ ಪುಟ್ಟ ವಿಮಾನವೊಂದರ ಚಾಲಕ, ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆಯೆಂದು ರೇಡಿಯೋದಲ್ಲಿ ಅಳತೊಡಗಿದಾಗ, ಅಂಗಡಿಯಲ್ಲಿ ಮೊಳೆ ಕೇಳುವವರ ಧಾಟಿಯಲ್ಲಿ, “ಗಾಬರಿಯಾಗೋಕೆ ಸಾಯಂಕಾಲ ಪೂರ್ತಿ ಇದೆಯಪ್ಪ. ಈಗ ಸ್ವಲ್ಪ ಬಲಕ್ಕೆ ತಿರುಗಿಸು” ಎಂದರು. ಆತ ತಿರುಗಿಸಿದ, ಕ್ಷೇಮವಾಗಿ ಇಳಿದ.

ಮೇಲಿನಿಂದ ಯಾರೋ ಕರೆದಂತೆ ಕತ್ತು ಓರೆಮಾಡಿಕೊಂಡು ನಡೆಯುವ ಆ ನೀಳದೇಹ, ಹೆಂಡತಿ ಸಾಲ್ವೇಗ್ ಮೊಣಕೈಗೆ ತೇಪೆ ಹಾಕಿಕೊಟ್ಟ ಕಂದು ಕೋಟು, ಊಟದ ನಡುವೆಯೂ ಕಿಟಕಿಗೆ ಬೆನ್ನು ಮಾಡಿ ಕೂರದ ಹಟ, ಇವೆಲ್ಲ ನಮ್ಮ ನಗೆಯ ಸಾಮಗ್ರಿಗಳಾಗಿದ್ದವು. ನಗದೆ ಒಪ್ಪಿಕೊಂಡದ್ದು ನಿಯಮದ ಮೇಲೆ ಅವರಿಗಿದ್ದ ನಿಷ್ಠೆಯನ್ನು. ಮೂವತ್ತೊಂದು ವರ್ಷ ತುಂಬುವುದರೊಳಗೆ ತರಬೇತಿಗೆ ಸೇರದವರಿಗೆ ನಮ್ಮ ಕಸುಬಿನ ಬಾಗಿಲು ಮುಚ್ಚಿದಂತೆ. ಐವತ್ತಾರು ತುಂಬಿದವರು ಕುರ್ಚಿ ಬಿಟ್ಟೇಳಬೇಕು. ಯಾರಾದರೂ ಇದು ಅನ್ಯಾಯವೆಂದರೆ, “ಕಣ್ಣು ಮಂಜಾಗೋದು ಆ ಕಣ್ಣಿಗೇ ಗೊತ್ತಾಗಲ್ಲ ಕಣಯ್ಯ” ಎನ್ನುತ್ತಿದ್ದರು.

ಅವರ ಮಗಳು ಮಾರೆನ್‌ಗೆ ಬಾಲ್ಯದಿಂದಲೂ ಈ ಗೋಪುರದ ಮೇಲೆಯೇ ಕಣ್ಣು. ಆದರೆ ಸಾಲ್ವೇಗ್ ಮೂತ್ರಪಿಂಡದ ಕಾಯಿಲೆಯಿಂದ ಹಾಸಿಗೆ ಹಿಡಿದರು. ತಂದೆಗೆ ಪಾಳಿಯ ಕೆಲಸ. ಆರೈಕೆ ಮಗಳ ಪಾಲಿಗೆ ಬಂತು. ಅರ್ಜಿ ಕರೆದಾಗಲೆಲ್ಲ ಆರ್ವಿಡ್, “ಇನ್ನೊಂದು ವರ್ಷ ತಡಿ, ಮಗಳೇ” ಎಂದರು. ಅವಳು ತಡೆದಳು. ತಾಯಿಯನ್ನು ಮಣ್ಣುಮಾಡಿ ಬಂದ ಮೇಲೆ ಪರೀಕ್ಷೆ ಬರೆದು ಗೆದ್ದಳು. ಆಮೇಲೆ ವೈದ್ಯರ ತಪಾಸಣೆ, ನಡತೆಯ ಬಗ್ಗೆ ಪೊಲೀಸರ ವಿಚಾರಣೆ, ನಡುವೆ ನೇಮಕಾತಿಗೇ ತಡೆ. ತರಬೇತಿಗೆ ಕರೆ ಬರುವ ಹೊತ್ತಿಗೆ ಮೂವತ್ತೊಂದು ದಾಟಿತ್ತು. ವಯಸ್ಸು ಮೀರಿದೆಯೆಂದು ಇಲಾಖೆ ಅವಳ ಹೆಸರನ್ನು ಕೈಬಿಟ್ಟಿತು.

ಅದೇ ವಸಂತದಲ್ಲಿ ಆರ್ವಿಡ್‌ಗೆ ಐವತ್ತಾರು ತುಂಬಿತು. ಚರ್ಚಿನ ನೆಲಮಾಳಿಗೆಯಲ್ಲಿ ಬೀಳ್ಕೊಡುಗೆ. ಮನೆಮನೆಯಿಂದ ಬಂದ ಆಲೂಗಡ್ಡೆ ರೊಟ್ಟಿ, ಬೇಯಿಸಿದ ಮಾಂಸದ ತಟ್ಟೆಗಳ ನಡುವೆ ನಮ್ಮ ಸಹೋದ್ಯೋಗಿ ಡ್ವೇನ್ ಎದ್ದು, “ಮುದುಕನಿಗೆ ಇನ್ನೇನಪ್ಪ, ಕೆರೆ ದಂಡೇಲಿ ಕೂತು ಮೀನು ಹಿಡಿಯೋದು” ಎಂದ.

“ನಮ್ಮನೇಲಿ ಮುದುಕರು ಇಬ್ಬರಿದೀವಿ, ಡ್ವೇನ್. ಎರಡು ಗಾಳ ಕೊಡಿಸು” ಎಂದಳು ಮಾರೆನ್.

ಎಲ್ಲರೂ ನಕ್ಕರು. ಆರ್ವಿಡ್ ನಗಲಿಲ್ಲ.

ಉಡುಗೊರೆಗಳನ್ನು ಅವರ ಟ್ರಕ್ಕಿಗೆ ಏರಿಸಲು ನಾನೂ ಹೊರಗೆ ಬಂದಿದ್ದೆ. ಅವರು ಮಗಳ ಮುಖ ನೋಡದೆ, “ತಡಿ ಅಂತ ನಾನು ಹೇಳಬಾರದಿತ್ತು” ಎಂದರು.

“ಅಮ್ಮನ್ನ ಬಿಟ್ಟು ನಾನೇನೂ ಹೋಗ್ತಿರಲಿಲ್ಲ, ಅಪ್ಪ” ಎಂದಳು ಅವಳು. ಕೈಲಿದ್ದ ಪೆಟ್ಟಿಗೆಯನ್ನು ಟ್ರಕ್ಕಿಗಿಟ್ಟು, “ಆದರೆ ಹೋಗು ಅಂತ ಒಂದು ಸಲ ನೀನು ಅನ್ನಬೋದಿತ್ತು” ಎಂದಳು.



ಮಾರೆನ್ ಈಗ ಅದೇ ನಿಲ್ದಾಣದಲ್ಲಿ ವಿಮಾನಗಳು ಇಳಿಯುವ ಓಡುದಾರಿಯ ಹಿಮ ತೆಗೆಯುವ ಗಾಡಿ ಓಡಿಸುತ್ತಾಳೆ. ದಾರಿಗಿಳಿಯುವ ಮುನ್ನ ಗೋಪುರದ ಅಪ್ಪಣೆ ಬೇಡುತ್ತಾಳೆ. ಆರ್ವಿಡ್ ಬಿಟ್ಟೆದ್ದ ಕುರ್ಚಿಗೆ ಆಳು ಸಿಗದೆ ನಾವು ರಜೆಯ ದಿನವೂ ದುಡಿಯುತ್ತೇವೆ. ಕಾಫಿ ಅಂಗಡಿಯಲ್ಲಿ ಸಿಕ್ಕಾಗ ಆರ್ವಿಡ್ ನಿಯಮವನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಮಾತು ಅತ್ತ ಹೊರಳಿದರೆ ಎದ್ದುಹೋಗುತ್ತಾರೆ.

ಇತರರನ್ನು ಕಾಯಿಸುವುದನ್ನೇ ಕಸುಬು ಮಾಡಿಕೊಂಡ ಜನ ನಾವು. ಆಕಾಶದಲ್ಲಿ ಸುತ್ತು ಹಾಕುತ್ತಿರು ಎಂದು ಒಬ್ಬ ಚಾಲಕನಿಗೆ ಹೇಳುವ ಮೊದಲು, ನಿನ್ನಲ್ಲಿ ಇಂಧನ ಎಷ್ಟು ಉಳಿದಿದೆ ಎಂದು ತಪ್ಪದೆ ಕೇಳುತ್ತೇವೆ. ಮನೆಯವರನ್ನು ಮಾತ್ರ ಕೇಳುವುದಿಲ್ಲ. ನಮ್ಮವರೆಂದರೆ ಎಷ್ಟು ಹೊತ್ತಾದರೂ ಕಾಯಬಲ್ಲರೆಂದು, ಪ್ರೀತಿಯಿಂದಲೇ, ನಂಬಿಬಿಡುತ್ತೇವೆ.