ಆರು ಕೇಸರ

ಅಕ್ಕನ ತಲೆ ಬಾಚುತ್ತಿದ್ದ ತಂಗಿ ಬಾಚಣಿಗೆಯನ್ನು ಕೂದಲಲ್ಲೇ ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಡಾಕ್ಟರಮ್ಮ ನಾಲ್ಕನೆಯ ಸಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಸತ್ತವರ ಮನೆಗೆ ಬಂದು ಹೊತ್ತು ನೋಡುವುದೆಂದರೇನು ಎಂದು ಅವಳ ಮೈ ಉರಿಯಿತು. ಯಾಕೆ ನೋಡುತ್ತಿದ್ದಾರೆಂದು ತನಗೂ ಚೆನ್ನಾಗಿ ಗೊತ್ತಿದ್ದುದರಿಂದ ಇನ್ನಷ್ಟು ಉರಿಯಿತು.

ಗೋಡೆಗೊರಗಿ ಕುಳಿತಿದ್ದ ಚಿಕ್ಕಮ್ಮ ಮೂಗು ಒರೆಸಿಕೊಂಡು, “ಡಾಕ್ಟ್ರೇ, ಈ ನನ್ನ ಮಂಡಿ ಹಿಡ್ಕೊಂಡ್ರೆ ಬಿಡೋದೇ ಇಲ್ಲ. ಒಂದು ಮಾತ್ರೆ ಬರ್ಕೊಡ್ತೀರಾ?” ಎಂದಳು.

“ನಾನು ಭತ್ತದ ಡಾಕ್ಟರಮ್ಮಾ. ಮನುಷ್ಯರ ಡಾಕ್ಟರಲ್ಲ.”

“ಭತ್ತಕ್ಕೂ ಡಾಕ್ಟ್ರಾ? ಅದಕ್ಕೆ ಮಂಡಿ ಎಲ್ಲಿದೆ?”

“ಚಿಕ್ಕಮ್ಮಾ, ಒಂದು ಗಳಿಗೆ ಸುಮ್ನಿರ್ತೀರಾ?” ಎಂದಳು ತಂಗಿ.

ಹೆಣದ ತಲೆಯ ಬಳಿ ಕುರ್ಚಿ ಹಾಕಿಕೊಂಡಿದ್ದ ಭಾವ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. “ಇಪ್ಪತ್ತಾರು ವರ್ಷ ಆ ಭತ್ತದ ಸಂಶೋಧನಾ ಕೇಂದ್ರದಲ್ಲಿ ಕೆಲ್ಸ ಮಾಡಿದ್ಲು. ಒಂದೇ ಒಂದು ತಪ್ಪಿಲ್ಲ. ಬೇಕಾದ್ರೆ ಡಾಕ್ಟ್ರನ್ನೇ ಕೇಳಿ.” ಬಸ್ಸು ಓಡಿಸಿ ನಿವೃತ್ತನಾದವನು ಭಾವ. ಮೂರು ಸಲ ಬಸ್ಸನ್ನು ಗೋಡೆಗೆ ಗುದ್ದಿಸಿದ್ದ. ತಪ್ಪು ಮಾಡದ ಹೆಂಡತಿಯೊಬ್ಬಳು ಮನೆಯಲ್ಲಿದ್ದಾಳೆಂಬುದೇ ಅವನು ತಲೆಯೆತ್ತಿ ಓಡಾಡಲು ಸಾಕಾಗಿತ್ತು.

ತಂಗಿ ಎದ್ದು ಬಾಗಿಲಿಗೆ ಹೋದಳು. “ಎಷ್ಟು ತೆನೆ ಮೇಡಂ?”

“ಹದಿನೆಂಟು. ನಿನ್ನೆ ಸಂಜೆ ನಿಮ್ಮಕ್ಕ ಕತ್ತರಿಸಿ ಮುಗಿಸಿ ಹೋದ್ರು. ಇವತ್ತು ನಿಮ್ಮನ್ನ ನಾನು ಕೇಳಬಾರದು…”

“ಕೇಳಬಾರದು. ಆದ್ರೆ ಹೂವಿಗೆ ಹೇಳೋರ್ಯಾರು, ನಾಳೆ ಅರಳು ಅಂತ?”

ಒಂಬತ್ತೂಕಾಲು. ಹೂವು ಅರಳುವುದು ಹತ್ತಕ್ಕೆ. ಹೆಣ ಒಯ್ಯುವ ಗಾಡಿ ಬರುವುದು ಹನ್ನೆರಡಕ್ಕೆ. ಅಕ್ಕ ಬದುಕಿದ್ದಾಗಲೂ ಹೀಗೇ, ತನ್ನ ಕೆಲಸದ ಗಂಟೆಗೆ ಮನೆಯನ್ನೆಲ್ಲ ಕುಣಿಸುತ್ತಿದ್ದಳು.

“ಹೋಗಿ ಬಾಮ್ಮ,” ಎಂದ ಭಾವ. “ಅರ್ಧಕ್ಕೆ ಬಿಟ್ರೆ ಎದ್ದು ಕೂತು ಬೈತಾಳೆ.”

*

ಸಮುದ್ರದ ನೀರು ನುಗ್ಗಿದ ಗದ್ದೆಯಲ್ಲಿ ಒಳ್ಳೆಯ ಅಕ್ಕಿಯ ಭತ್ತ ಎಲೆತುದಿಯಿಂದ ಸುಟ್ಟುಕೊಂಡು ಸಾಯುತ್ತದೆ. ಕಡಲಂಚಿನ ಹಳೆಯ ತಳಿಯೊಂದು ಮಾತ್ರ ಉಪ್ಪನ್ನು ಎಲೆಗೆ ಏರಗೊಡದೆ ಬುಡದಲ್ಲೇ ತಡೆದು ನಿಲ್ಲಿಸುತ್ತದೆ. ಅದರ ಅನ್ನವನ್ನೋ ಹಸಿದ ಕೋಳಿಯೂ ಮೂಸದು. ಈ ಹಳೆಯ ತಳಿಯ ಗಟ್ಟಿತನವನ್ನು ಒಳ್ಳೆಯ ಅಕ್ಕಿಯ ವಂಶಕ್ಕೆ ಸೇರಿಸುವುದು ಡಾಕ್ಟರಮ್ಮನ ವಿದ್ಯೆ. ಸೇರಿಸುವ ಕೈ ಅಕ್ಕನದು.

ಭತ್ತದ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿರುತ್ತವೆ. ಅರಳುವ ಹಿಂದಿನ ಸಂಜೆ ಒಳ್ಳೆಯ ಅಕ್ಕಿಯ ಹೂವಿನ ತುದಿ ಕತ್ತರಿಸಿ, ಒಳಗಿನ ಆರು ಗಂಡು ಕೇಸರಗಳನ್ನು ಚಿಮಟದಿಂದ ಎಳೆದು, ತೆನೆಗೆ ಕಾಗದದ ಚೀಲ ತೊಡಿಸಬೇಕು. ಮಾರನೆಯ ಬೆಳಿಗ್ಗೆ ಕಡಲಂಚಿನ ಭತ್ತದ ಪರಾಗವನ್ನು ಮೇಲಿಂದ ಉದುರಿಸಬೇಕು. ಒಂದು ಕೇಸರ ಉಳಿದರೂ ಹೂವು ತನ್ನ ಪಾಡಿಗೆ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಕಾಳು ನೋಡಿದರೆ ಏನೂ ತಿಳಿಯದು. ಮುಂದೆ ಉಪ್ಪುನೀರಿನ ತೊಟ್ಟಿಯಲ್ಲಿ ಸಸಿ ಸತ್ತಾಗ ತಿಳಿಯುತ್ತದೆ. ಆಗ ಯಾರ ತಪ್ಪೆಂದು ಹುಡುಕಲು ಪ್ರತಿ ಕುಂಡದ ಚೀಟಿಯ ಮೂಲೆಯಲ್ಲಿ ಕತ್ತರಿಸಿದವರ ಗುರುತು ಇರುತ್ತಿತ್ತು. ಅಕ್ಕನದು ಪೆನ್ಸಿಲಿನ ಒಂದು ಗೆರೆ, ತಂಗಿಯದು ಎರಡು.

ತಂಗಿಯ ಗುರುತಿನ ಕುಂಡಗಳು ಕಡಿಮೆ. “ನಿನ್ನ ಕೈ ನಡುಗತ್ತೆ ಕಣೇ. ನೀನು ಕುಂಡ ಹೊರು,” ಎನ್ನುತ್ತಿದ್ದಳು ಅಕ್ಕ.

ಈಚಿನ ಎರಡು ತಿಂಗಳಲ್ಲಿ ಇನ್ನೊಂದು ಕಾಟ ಶುರುವಾಗಿತ್ತು.

“ಲೇ, ಈ ಚೀಟಿ ಓದೇ.”

“ಕಣ್ಣಿಗೇನಾಯ್ತು ನಿಂಗೆ?”

“ಕನ್ನಡಕ ಮನೇಲಿದೆ.”

“ದಿನಾ ಮನೇಲೇ ಇರತ್ತಲ್ಲ! ಅದಕ್ಕೇನು ಕಾಲುನೋವಾ?”

“ಓದು ಅಂದ್ರೆ ಓದು. ಬಾಯಿ ಜಾಸ್ತಿ ನಿಂಗೆ.”

ತಂಗಿ ಗೊಣಗಿಕೊಂಡೇ ಓದುತ್ತಿದ್ದಳು.

*

ಕಾರಿನಲ್ಲಿ ಡಾಕ್ಟರಮ್ಮ ಮೆಲ್ಲಗೆ ಹೇಳಿದರು, “ಇವತ್ತು ಹೇಳೋ ಮಾತಲ್ಲ. ಆದ್ರೆ ಅಕ್ಕನ ಜಾಗಕ್ಕೆ ನಿಮ್ಮ ಹೆಸರೇ ಕಳಿಸ್ಬೇಕು ಅಂತಿದ್ದೀನಿ. ಕಾಯಂ ಕೆಲಸ.” ಹನ್ನೊಂದು ವರ್ಷದಿಂದ ದಿನಗೂಲಿಯಲ್ಲಿದ್ದ ತಂಗಿ ಕಿಟಕಿಯಾಚೆ ನೋಡಿದಳು.

ಗಾಜಿನ ಮನೆಯಲ್ಲಿ ಅವಳನ್ನು ಬಿಟ್ಟು ಡಾಕ್ಟರಮ್ಮ ಪರಾಗದ ತೆನೆ ತರಲು ಆಚೆಯ ಕೋಣೆಗೆ ಹೋದರು. ತಂಗಿ ಮೊದಲ ಚೀಲ ಬಿಚ್ಚಿದಳು. ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದರಲ್ಲಿ ಕತ್ತರಿಸಿದ ಹೂವಿನೊಳಗಿಂದ ಹಳದಿ ಬಣ್ಣ ಇಣುಕಿತು. ಬಗ್ಗಿ ನೋಡಿದಳು. ಎರಡು ಕೇಸರ ಹಾಗೇ ಉಳಿದು, ಒಡೆದು, ಪುಡಿ ಚೆಲ್ಲಿದ್ದವು. ಪಕ್ಕದ ಹೂವಿನಲ್ಲಿ ಮೂರು. ಅದರ ಪಕ್ಕದ್ದನ್ನು ಚಿಮಟ ಮುಟ್ಟಿಯೇ ಇರಲಿಲ್ಲ.

“ಅಯ್ಯೋ ನಿನ್ನ!” ಎಂದಳು ಜೋರಾಗಿ. “ಕನ್ನಡಕ ಮನೇಲಿದೆಯಂತೆ, ಕನ್ನಡಕ! ಕಣ್ಣು ಕಾಣ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಹದಿನೆಂಟರಲ್ಲಿ ಏಳು ಕೆಟ್ಟಿದ್ದವು. ಅಕ್ಕನ ಮೈಯಲ್ಲಿದ್ದ ಸಕ್ಕರೆ ಕಾಯಿಲೆ ನಿನ್ನೆ ರಾತ್ರಿ ಹೃದಯಕ್ಕೆ ಬರುವ ಮೊದಲು ಕಣ್ಣಿಗೆ ಬಂದಿತ್ತು, ಅಷ್ಟೇ. ಇವು ಏಳಾದರೆ, ಹೋದ ತಿಂಗಳು ಅಕ್ಕ ಕತ್ತರಿಸಿದ್ದ, ಈಗ ಎದುರಿನ ಬೆಂಚಿನ ಮೇಲೆ ಕಾಳು ಬಲಿಯುತ್ತಿರುವ ನಲವತ್ತಮೂರು ಕುಂಡಗಳ ಗತಿಯೇನು? ಸುಮ್ಮನಿದ್ದರೆ ಸುಳ್ಳು ಬೀಜ ಮುಂದೆ ಹೋಗುತ್ತದೆ, ವರ್ಷಗಟ್ಟಲೆ ಕೆಲಸ ನೀರುಪಾಲು. ಹೇಳಿದರೆ, ಅಲ್ಲಿ ಕುರ್ಚಿಯಲ್ಲಿ ಕುಳಿತು ಒಂದೇ ಮಾತು ಹೇಳುತ್ತಿರುವ ಭಾವನಿಗೆ ಏನು ಉಳಿಯುತ್ತದೆ?

ಅವಳು ಏಳೂ ತೆನೆಗಳನ್ನು ಬುಡಕ್ಕೆ ಲಟಲಟ ಮುರಿದಳು.

“ಇದೇನ್ರೀ!” ಬಾಗಿಲಲ್ಲಿ ಡಾಕ್ಟರಮ್ಮ ನಿಂತುಬಿಟ್ಟರು.

“ಚೀಲ ತೆಗೆಯೋವಾಗ ಮುರೀತು ಮೇಡಂ.”

“ಏಳೂ ಮುರೀತಾ?”

“ಕೈ ನಡುಗತ್ತೆ ನಂಗೆ.”

ಡಾಕ್ಟರಮ್ಮ ತುಟಿ ಕಚ್ಚಿಕೊಂಡರು, ಬೈಯಲಿಲ್ಲ. ಸಾವಿನ ಮನೆಯವಳು ಎಂಬ ದಾಕ್ಷಿಣ್ಯ. ಉಳಿದ ಹನ್ನೊಂದಕ್ಕೆ ಇಬ್ಬರೂ ಪರಾಗ ಉದುರಿಸಿದರು, ಚೀಲ ಮುಚ್ಚಿದರು. ಗಂಟೆ ಹನ್ನೊಂದೂ ಹತ್ತಾಯಿತು.

“ಇನ್ನೊಂದು ಮಾತು ಮೇಡಂ. ಹೋದ ತಿಂಗಳ ಕುಂಡಗಳ ಬೀಜ ಮೊಳೆಸಿದ ಮೇಲೆ ಒಂದೊಂದು ಸಸಿಯ ಎಲೇನೂ ಪರೀಕ್ಷೆ ಮಾಡ್ಸಿ. ಗಂಡು ಯಾವ ತಳೀದು ಅಂತ ಗೊತ್ತಾಗತ್ತಲ್ಲ.”

“ಯಾಕೆ? ಅವು ನಿಮ್ಮಕ್ಕ ಮಾಡಿದ್ದಲ್ವಾ?”

“ನಾನು ಮಾಡಿದ್ದು. ಅವಳಿಗೆ ಹುಷಾರಿರ್ಲಿಲ್ಲ, ಕೂತಿದ್ಲು. ನಾನೇ ಹಟ ಹಿಡಿದು ಮಾಡ್ದೆ. ಕೇಸರ ಉಳಿದಿರತ್ತೆ.”

“ಮೂರು ವರ್ಷದ ಕೆಲಸ ಕಣ್ರೀ ಅದು!” ಡಾಕ್ಟರಮ್ಮನ ದಾಕ್ಷಿಣ್ಯ ಅಲ್ಲಿಗೆ ಮುಗಿಯಿತು. “ಅಂಥ ಅಕ್ಕನ ಪಕ್ಕದಲ್ಲಿದ್ದು ಇದನ್ನಾ ಕಲಿತಿದ್ದು? ಚೀಟಿ ಮೇಲೆ ಎರಡು ಗೆರೆ ಇದೆ ತಾನೇ?”

“ಇದೆ.”

“ನಾಳೆ ನೋಡ್ತೀನಿ. ಆಮೇಲೆ, ಕಾರಲ್ಲಿ ನಾನು ಹೇಳಿದ್ನಲ್ಲ, ಅದನ್ನ ಮರ್ತುಬಿಡಿ.” ಕಾರು ತಿರುಗಿಸಲು ಹೊರಟುಹೋದರು.

ತಂಗಿ ಬೆಂಚಿನಿಂದ ಪೆನ್ಸಿಲು ತೆಗೆದುಕೊಂಡು ಮೊದಲ ಕುಂಡದ ಮುಂದೆ ಬಗ್ಗಿದಳು. ಚೀಟಿಯ ಮೂಲೆಯಲ್ಲಿದ್ದ ಗೆರೆಯ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದಳು. ಎರಡನೆಯದು, ಮೂರನೆಯದು, ಹತ್ತನೆಯದು. ಹೊರಗೆ ಹಾರನ್ ಆಯಿತು.

“ಬಂದೇ!” ಎಂದು ಕೂಗಿ ಮುಂದಿನ ಕುಂಡಕ್ಕೆ ಸರಿದಳು. ಸಾಲಿನ ಕೊನೆಕೊನೆಗೆ ಅಕ್ಕನ ಗೆರೆ ಓರೆಯಾಗುತ್ತ ಬಂದಿತ್ತು. ನಲವತ್ತಮೂರನೆಯ ಚೀಟಿಯಲ್ಲಂತೂ ಅಂಚು ದಾಟಿ ಹೊರಗೇ ಹೋಗಿತ್ತು. ತಂಗಿ ಅದರ ಪಕ್ಕಕ್ಕೆ ತನ್ನದನ್ನೂ ಅಷ್ಟೇ ಓರೆಯಾಗಿ, ಅಂಚಿನಾಚೆಗೆ ಎಳೆದಳು.