ಕೇಕು ಒಡೆಯುವ ಕಾರು

ಮೂರಂತಸ್ತಿನ ಕೇಕನ್ನು ಸಂಜೆಯೊಳಗೆ ಹೋಟೆಲಿಗೆ ತಲುಪಿಸಬೇಕಿತ್ತು. ಹಿಂದಿನ ಎರಡು ಕೇಕುಗಳು ದಾರಿಯಲ್ಲೇ ಬಿರುಕು ಬಿಟ್ಟಿದ್ದವು. ಇನ್ನೊಂದು ಒಡೆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೋಟೆಲಿನ ಮ್ಯಾನೇಜರು ನಯವಾಗಿಯೇ ಹೇಳಿದ್ದ. ಆ ಹೋಟೆಲು ಕೈಬಿಟ್ಟರೆ ಕೇಕಿನವಳು ಓವನ್ ಆರಿಸಿ ಕೂರಬೇಕಾಗುತ್ತಿತ್ತು.

ದೋಷವಿದ್ದದ್ದು ಅವಳ ಹಳೆಯ ಕಾರಿನಲ್ಲಿ. ಕಳೆದ ತಿಂಗಳು ರಿಪೇರಿಯಾಗಿ ಬಂದಾಗಿನಿಂದ ಅದರ ಹಿಂಭಾಗ ಗಡುಸಾಗಿ, ಸಣ್ಣ ಕಲ್ಲು ಸಿಕ್ಕರೂ ಎತ್ತಿ ಕುಕ್ಕುತ್ತಿತ್ತು. ರಿಪೇರಿ ಮಾಡಿದವರು ಗಂಡನ ಅಣ್ಣ. ನೀವೇ ಕೆಡಿಸಿದ್ದು ಎಂದು ಭಾವನ ಮುಖಕ್ಕೆ ಹೇಳುವಂತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಅವರ ಗ್ಯಾರೇಜಿಗೆ ಗಂಡನನ್ನೂ ಎಳೆದುಕೊಂಡು ಬಂದಿದ್ದಳು.

"ಹೋದ ಸಲ ಏನೇನು ಬಿಚ್ಚಿದ್ರು ಅಂತ ನಿಮ್ಮಣ್ಣಂಗೆ ಕೇಳ್ರೀ."

"ಅಣ್ಣ, ಹೋದ ಸಲ..."

"ನಂಗೂ ಕಿವಿ ಇದೆ ಕಣೋ," ಎಂದರು ಭಾವ. "ಕಾರಲ್ಲಿ ಏನೂ ಇಲ್ಲಮ್ಮ. ಗಾಳಿ ಜಾಸ್ತಿ ತುಂಬಿಸಿರ್ತೀಯ."

ಗಾಳಿ ಅಳೆದರು. ಸರಿಯಾಗಿತ್ತು.

"ಹಾಗಾದ್ರೆ ರಸ್ತೆ ಸರಿಯಿಲ್ಲ."

"ರಸ್ತೆ ಮೊದಲೂ ಇದೇ ಇತ್ತು," ಎಂದು ಅವಳು ಗಂಡನಿಗೆ ಹೇಳಿದಳು.

"ಕೇಕಿಗೆ ಮೊಟ್ಟೆ ಕಮ್ಮಿ ಹಾಕ್ತೀಯೇನೋ."

ಅವಳು ಗಂಡನನ್ನು ನೋಡಿದಳು. ಗಂಡ ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳನ್ನು ನೋಡತೊಡಗಿದ.

ಅವಳು ಡಿಕ್ಕಿಯ ಮೇಲೆ ಎರಡೂ ಕೈಯೂರಿ ಮೈಭಾರ ಬಿಟ್ಟಳು. ಕಾರು ಕುಗ್ಗಲಿಲ್ಲ. ಗಂಡನೂ ಒತ್ತಿದ. ಜಗ್ಗಲಿಲ್ಲ.

"ಬಂಡೆ ಇದ್ದಂಗಿದೆ ಅಣ್ಣ."

"ಶಾಕ್ ಅಬ್ಸಾರ್ಬರ್ ಹಿಡ್ಕೊಂಡಿರುತ್ತೆ. ನಾಳೆ ಹೊಸದು ತರಿಸ್ತೀನಿ."

"ನಾಳೆ ಆ ಕೇಕನ್ನ ನಾವೇ ಕೂತು ತಿನ್ನಬೇಕಾಗುತ್ತೆ ಅಂತ ಹೇಳ್ರೀ. ಈಗಲೇ ಅದನ್ನ ಬಿಚ್ಚಿಟ್ಟು ಒತ್ತಿ ನೋಡೋಣ. ಮೆತ್ತಗಾದ್ರೆ ತಪ್ಪು ಅದರದ್ದು."

ಭಾವ ಗೊಣಗುತ್ತಾ ಕಾರನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಎರಡೂ ಶಾಕ್ ಅಬ್ಸಾರ್ಬರುಗಳ ತುದಿ ಕಳಚಿದರು. ಗಂಡ ಹೆಂಡತಿ ಮತ್ತೆ ಡಿಕ್ಕಿ ಒತ್ತಿದರು. ಕಾರು ಹಾಗೇ ಸೆಟೆದು ನಿಂತಿತ್ತು.

"ಇನ್ನು ಸ್ಪ್ರಿಂಗು. ಅದು ಹಳೇದು. ಹಳೇದಾದ್ರೆ ಕುಸಿಯುತ್ತೆ, ಗಡುಸಾಗಲ್ಲ," ಎಂದು ಭಾವ ಗುಂಡಿಯೊಳಗಿಂದಲೇ ಲೆಕ್ಕ ಹಾಕಿದರು. "ಉಳಿದದ್ದು ಬುಷ್. ಅದನ್ನ ಹೋದ ತಿಂಗಳು ನಾನೇ ಹೊಸದು ಹಾಕಿದ್ದು."

"ಹೇಗೆ ಹಾಕಿದ್ರು ಅಂತ ಕೇಳ್ರೀ."

"ಹೇಗೆ ಅಂದ್ರೆ? ಜ್ಯಾಕ್ ಕೊಟ್ಟು ಎತ್ತಿ, ಚಕ್ರ ಇಳಿಬಿಟ್ಟು, ಬುಷ್ ಕೂರಿಸಿ ಬೋಲ್ಟ್ ಬಿಗಿ..."

ಭಾವನ ಕೈ ಆ ಬೋಲ್ಟಿನತ್ತ ಹೋಯಿತು.

ಬುಷ್ ಎಂದರೆ ಚಕ್ರ ಹಿಡಿದ ಕಬ್ಬಿಣದ ತೋಳಿನ ಬುಡದಲ್ಲಿರುವ ರಬ್ಬರು. ಕಾರಿನ ಭಾರ ಚಕ್ರದ ಮೇಲಿರುವಾಗ, ಅಂದರೆ ಈಗಿನಂತೆ ಗುಂಡಿಯ ಮೇಲೆ ನಿಂತಿರುವಾಗ, ಅದರ ಬೋಲ್ಟು ಬಿಗಿಯಬೇಕು. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡು, ಕೆಳಗೆ ಕೂರಲು ಬಿಡದೆ ಎತ್ತಿ ಹಿಡಿಯುತ್ತದೆ. ಇದು ಭಾವನಿಗೆ ಗೊತ್ತಿಲ್ಲದ್ದೇನಲ್ಲ.

"ಅವತ್ತು ಗುಂಡಿ ಮೇಲೆ ಗಿರಾಕಿ ಕಾರಿತ್ತು," ಎಂದರು, ತಲೆಯೆತ್ತದೆ. "ಇದು ಮನೆ ಕಾರು ತಾನೆ ಅಂತ ಮೂಲೇಲಿ ಜ್ಯಾಕ್ ಮೇಲೇ ಮುಗಿಸಿಬಿಟ್ಟೆ."

ಗಂಡ ಹೆಂಡತಿಯತ್ತ ತಿರುಗಿದ. "ಮನೆ ಕಾರು ಅಂತ..."

"ಕೇಳಿಸ್ತು," ಎಂದಳು.

ಭಾವ ಬೋಲ್ಟು ಸಡಿಲಿಸಿದರು. ಕಾರು ಒಮ್ಮೆ ನರಳಿ, ಹಿಂಭಾಗ ಎರಡು ಬೆರಳಿನಷ್ಟು ಕೆಳಗೆ ಕೂತಿತು. ಹಾಗೇ ನಿಂತಿದ್ದಂತೆ ಬೋಲ್ಟು ಬಿಗಿದು, ಕಳಚಿದ್ದನ್ನು ಜೋಡಿಸಿ ಮೇಲೆ ಬಂದರು. ಅವಳು ಡಿಕ್ಕಿ ಒತ್ತಿದಳು. ಕಾರು ಬಗ್ಗಿ ಎದ್ದಿತು.

"ಭಾವ, ಕೈ ತೊಳ್ಕೊಳ್ಳಿ," ಎಂದಳು, ಗಂಡನನ್ನು ಬಿಟ್ಟು ನೇರವಾಗಿ. "ಹಿಂದೆ ಕೂತು ಕೇಕು ನೀವೇ ಹಿಡ್ಕೋಬೇಕು."

"ಸರಿಯಾಯ್ತಲ್ಲಮ್ಮ."

"ಮತ್ತೆ ಭಯ ಯಾಕೆ?"

ಮನೆಯಿಂದ ಕೇಕು ಹತ್ತಿಸಿಕೊಂಡು ಹೊರಟರು. ಹೋಟೆಲಿನ ಮುಂದಿನ ಹಂಪು ಕಂಡಾಗ ಹಿಂದಿನಿಂದ ದನಿ ಬಂತು. "ಸ್ವಲ್ಪ ನಿಧಾನ ಕಣಮ್ಮ."

"ಗಿರಾಕಿ ಕಾರಾಗಿದ್ರೆ ಹೀಗೆ ಹೇಳ್ತಿದ್ರಾ?"

ಅವಳು ವೇಗ ತಗ್ಗಿಸಲಿಲ್ಲ. ಕಾರು ಹಂಪು ಹತ್ತಿ ಮೆತ್ತಗೆ ಇಳಿಯಿತು.

ಹೋಟೆಲಿನ ಅಡುಗೆಮನೆಯಲ್ಲಿ ಮ್ಯಾನೇಜರು ಕೇಕಿನ ಸುತ್ತ ಎರಡು ಬಾರಿ ತಿರುಗಿ, ಬಗ್ಗಿ ನೋಡಿದ. ಬಿರುಕಿರಲಿಲ್ಲ.

"ಮುಂದಿನ ವಾರದ್ದು ನಾಲ್ಕಂತಸ್ತು," ಎಂದ.

"ಇನ್ನೊಂದು ಅಂತಸ್ತು ಎಲ್ಲಿ ಇಡ್ತೀಯಮ್ಮ?" ಎಂದು ಭಾವ ಪಿಸುಗುಟ್ಟಿದರು.

"ನಿಮ್ಮ ತೊಡೆ ಮೇಲೆ," ಎಂದಳು.