ಎದೆಗವಚ

"ತೆಗೆದಿಟ್ಟು ಬಾ. ಇಲ್ಲದಿದ್ದರೆ ಆಡುವಂತಿಲ್ಲ." ರೆಫರಿ ಪವಿಯ ಕೊರಳಿನತ್ತ ಎರಡನೇ ಸಲ ಬೆರಳು ತೋರಿಸಿದ.

ಜರ್ಸಿಯ ಅಂಚಿನಲ್ಲಿ ಶಿವದಾರ ಇಣುಕುತ್ತಿತ್ತು. ಅದರ ತುದಿಗೆ ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ಅದು ಅಲುಗದಂತೆ ಪವಿ ಎದೆಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿಕೊಂಡಿದ್ದಳು. ಜರ್ಮನಿಯ ಆಖೆನ್‌ನ ಕಾಲೇಜು ತಂಡಕ್ಕೆ ಮೂರು ವರ್ಷದಿಂದ ಹಾಗೆಯೇ ಬಾಸ್ಕೆಟ್‌ಬಾಲ್ ಆಡಿದವಳು ಅವಳು. ಹಳೆಯ ರೆಫರಿಗಳು ಬ್ಯಾಂಡೇಜ್ ಮುಟ್ಟಿ ನೋಡಿ ಸುಮ್ಮನಾಗುತ್ತಿದ್ದರು. ಇವನು ಹೊಸಬ, ನಿಯಮದ ಪುಸ್ತಕ ಬಿಟ್ಟು ಕದಲುವವನಲ್ಲ.

ಕೋಚ್ ಆಂಕೆ ಗಡಿಯಾರ ನೋಡಿಕೊಂಡು ಜರ್ಮನ್‌ನಲ್ಲಿ ಹೇಳಿದಳು. "ನಿಮ್ಮಮ್ಮ ಇಲ್ಲೇ ಇದ್ದಾರಲ್ಲ, ಅವರ ಕೈಗೆ ಕೊಡು. ಇವತ್ತು ಸೆಮಿಫೈನಲ್ ಆಡದಿದ್ದರೆ ತಂಡದಲ್ಲಿ ನಿನಗೆ ಜಾಗವಿಲ್ಲ. ಹೇಗೂ ಭಾನುವಾರ ಬಂತೆಂದರೆ ನಿನಗೆ ಆ ಬೇಸ್‌ಬಾಲ್ ಹುಚ್ಚು."

ತಾಯಿ ವಿಜಯಶ್ರೀ ಗ್ಯಾಲರಿ ಇಳಿದು ಬಂದಿದ್ದಳು. ದೂರದ ಶ್ವೀಬರ್ಡಿಂಗೆನ್ ಊರಿನ ಕಾರ್ಖಾನೆಯಲ್ಲಿ ವಾರವಿಡೀ ನಿಂತ ಕಾಲು ಇನ್ನೂ ನೋಯುತ್ತಿತ್ತು. ಮಗಳ ಆಟ ನೋಡಲೆಂದು ನಸುಕಿನಲ್ಲೆದ್ದು, ಬುತ್ತಿ ಕಟ್ಟಿಕೊಂಡು, ರೈಲು ಬದಲಿಸುತ್ತ ಬಂದವಳು. ಅವಳು ಕೈ ಚಾಚಿದಳು.

"ಕೊಡವಾ ಇಲ್ಲೆ. ಆಟ ಮುಗಿಯೂತನಾ ನಾ ಕೈಯಾಗ ಹಿಡ್ಕೊಂಡ ಕುಂದರತೀನಿ."

"ಮೈಮ್ಯಾಲಿಂದ ತಗೀಬಾರದು ಅಂತ ಹೇಳಿದಾಕಿ ಯಾರು?"

"ನಾನ. ಈಗ ತಗಿ ಅನ್ನಾಕಿನೂ ನಾನ. ಮೂರು ವರ್ಷದ ಆಟ ಮಣ್ಣಪಾಲ ಮಾಡ್ಕೋತಿಯೇನು?"

"ನೀ ದಿನಾ ತಗದಿಡ್ತಿಯಲ್ಲಾ ಮಮ್ಮಿ, ಲಾಕರ್‌ನ್ಯಾಗ."

ಚಾಚಿದ ಕೈ ಹಾಗೇ ನಿಂತಿತು. ಕಾರ್ಖಾನೆಯಲ್ಲಿ ತಿರುಗುವ ಯಂತ್ರದ ಬಳಿ ಕೊರಳಲ್ಲಿ ಏನೂ ಇರಕೂಡದು. ದಿನವೂ ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟು ಬೀಗ ಹಾಕುವಾಗ ವಿಜಯಶ್ರೀ ಬೇರೆ ಕಡೆ ನೋಡುತ್ತಿದ್ದಳು. ರಜೆಯಲ್ಲಿ ಅಲ್ಲೇ ಕೆಲಸಕ್ಕೆ ಬಂದಿದ್ದ ಮಗಳು ಅದನ್ನು ಗಮನಿಸಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ.

"ಅದು ಹೊಟ್ಟಿಪಾಡು," ಎಂದಳು.

"ಗೆನಾವ್, ಬರೋಬ್ಬರಿ. ಹೊಟ್ಟಿಗೆ ಬಗ್ಗಬೇಕು, ತಿಳೀತು. ಇದು ಆಟ. ಆಟಕ್ಕೂ ಬಗ್ಗಂಗಿಲ್ಲ ನಾ."

ಪವಿ ಬಟ್ಟೆ ಬದಲಿಸಿ ಬಂದು, ಮಡಚಿದ ಜರ್ಸಿಯನ್ನು ಆಂಕೆಯ ಕುರ್ಚಿಯ ಮೇಲಿಟ್ಟಳು. ಅವಳಿಲ್ಲದೆಯೇ ತಂಡ ಗೆದ್ದಿತು. ತಾಯಿಯ ಪಕ್ಕ ಕುಳಿತು ಪವಿ ಚಪ್ಪಾಳೆ ತಟ್ಟಿದಳು, ಯಾರ ಮುಖವನ್ನೂ ನೋಡದೆ.

ಮರುದಿನ ಊರಾಚೆಯ ಬೇಸ್‌ಬಾಲ್ ಮೈದಾನದಲ್ಲಿ ಜೊತೆ ಆಟಗಾರ, ಉಡುಪಿಯ ರಾಕೇಶ್ ಅವಳ ಎದೆಗವಚದ ಪಟ್ಟಿ ಬಿಗಿಯುತ್ತಿದ್ದ. ಹುಡುಗ ಹುಡುಗಿಯರು ಕೂಡಿ ಆಡುವ ಸಣ್ಣ ಕ್ಲಬ್ಬು ಅದು.

"ಬಾಸ್ಕೆಟ್‌ಬಾಲ್‌ನವರು ಓಡಿಸಿದ್ದಾ ಮಾರಾಯ್ತಿ?"

"ನಾನ ಬಿಟ್ಟು ಬಂದೆ."

"ಓಡಿಸಿದವರೆಲ್ಲ ಹಾಗೇ ಹೇಳುವುದು."

"ಮುಚ್ಚು ಬಾಯಿ. ಬಿಗಿಯಾಗಿ ಕಟ್ಟು."

ಅಂಪೈರ್ ದಾರವನ್ನು ನೋಡಿದ. ಕವಚದ ಮೇಲೆ ಮುಷ್ಟಿಯಿಂದ ಗುದ್ದಿ ನೋಡಿ, ಸರಿಯೆಂದು ತಲೆಯಾಡಿಸಿ ಮುಂದೆ ಹೋದ.

ಆಟ ಶುರುವಾಯಿತು. ರಾತ್ರಿ ಮಗಳ ಬಳಿಯೇ ಉಳಿದಿದ್ದ ವಿಜಯಶ್ರೀಗೆ ಇದರ ತಲೆಬುಡ ತಿಳಿಯದು. ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕುಳಿತ ರಾಕೇಶನನ್ನು ಕೇಳಿದಳು. "ಆಕಿ ಯಾಕಪಾ ಹಿಂದ ಕುಕ್ಕರಗಾಲಿಲೆ ಕುಂತಾಳ?"

"ಕ್ಯಾಚರ್ ಅಲ್ವಾ ಆಂಟಿ. ಓಡಿ ಬರುವವರನ್ನು ಆ ಬಿಳಿ ಪ್ಲೇಟ್ ಮುಟ್ಲಿಕ್ಕೆ ಬಿಡ್ಬಾರ್ದು. ಚೆಂಡು ಹಿಡ್ದು ಅವರಿಗೆ ತಾಗಿಸ್ಬೇಕು. ಚೆಂಡು ಕೈಯಿಂದ ಬೀಳದಿದ್ರೆ ಅವ್ರು ಔಟ್."

ಅಷ್ಟರಲ್ಲಿ ಎದುರಾಳಿಯೊಬ್ಬ ಪ್ಲೇಟಿನತ್ತ ಓಡತೊಡಗಿದ. ಬಾಗಿಲಿನಷ್ಟು ಅಗಲದ ಆಳು. ದೂರದಿಂದ ಬಂದ ಚೆಂಡನ್ನು ಪವಿ ಹಿಡಿದು ಅವನ ದಾರಿಗೆ ಅಡ್ಡ ನಿಂತಳು. ವಿಜಯಶ್ರೀ ಎದ್ದಳು. ಅತ್ತ ಸರಿಯವಾ ಎಂಬ ಕೂಗು ಬಾಯಿಗೆ ಬಂತು. ನುಂಗಿಕೊಂಡಳು.

ಪವಿ ಸರಿಯಲಿಲ್ಲ. ಇಬ್ಬರೂ ಒಟ್ಟಿಗೇ ಉರುಳಿದರು, ಕೆಂಧೂಳು ಎದ್ದಿತು. ಅಂಪೈರ್ ಬಾಗಿ ನೋಡುತ್ತಿದ್ದ. ಧೂಳಿನೊಳಗಿಂದ ಮೊದಲು ಒಂದು ಗ್ಲೌಸ್ ಮೇಲೆ ಬಂತು, ಅದರಲ್ಲಿ ಚೆಂಡು.